ಬೊಟ್ಟು ದಾಟದ ಲಾರಿ

ನಮ್ಮ ಹಳೆಯ ಲಾರಿಯ ಸ್ಪೀಡೋಮೀಟರು ಬಹಳ ವಿನಯದ್ದು. ಅರವತ್ತರಲ್ಲಿ ಓಡುತ್ತಿದ್ದರೂ ಐವತ್ತೆಂದೇ ಹೇಳುತ್ತಿತ್ತು. ದೊಡ್ಡ ಟೈರು ಹಾಕಿಸಿದಾಗಿನಿಂದ ಅದಕ್ಕೆ ಈ ಗುಣ ಬಂದದ್ದು. ಅದರ ಮುಳ್ಳನ್ನೇ ನಂಬಿ ಚೇಳೂರಿನಿಂದ ತೆಂಗಿನಕಾಯಿ ಸಾಗಿಸುತ್ತಿದ್ದ ನಮ್ಮಣ್ಣ, ಅರವತ್ತರ ಮಿತಿ ಮೀರಿದನೆಂದು ಎರಡು ಸಲ ಪೊಲೀಸರ ಕೈಗೆ ಸಿಕ್ಕಿದ್ದ. ಇನ್ನೊಮ್ಮೆ ಸಿಕ್ಕರೆ ಲೈಸೆನ್ಸೇ ಹೋಗುತ್ತದೆ ಎಂದು ಅವರು ಗದರಿ ಕಳಿಸಿದ್ದರು.

ಗೇರ್‌ಬಾಕ್ಸಿನಲ್ಲಿ ಮೀಟರಿನ ಕೇಬಲ್ ತಿರುಗಿಸುವ ಸಣ್ಣ ಹಲ್ಲಿನ ಚಕ್ರವೊಂದಿದೆ, ಅದನ್ನು ಬದಲಾಯಿಸಬೇಕು, ತರಿಸುತ್ತೇನೆ ಎಂದ ತುಮಕೂರಿನ ಮೆಕ್ಯಾನಿಕ್. ಅದು ಬರುವವರೆಗಿನ ರಾಜ್ಯಭಾರವನ್ನು ನಾನು ವಹಿಸಿಕೊಂಡೆ. ಮೊಬೈಲಿನ ಜಿಪಿಎಸ್ಸು ನಿಜವಾದ ಅರವತ್ತು ತೋರಿಸಿದಾಗ ಮುಳ್ಳು ಎಲ್ಲಿತ್ತೋ, ಗಾಜಿನ ಮೇಲೆ ಅಲ್ಲೊಂದು ಕುಂಕುಮದ ಬೊಟ್ಟಿಟ್ಟೆ. ಲಾರಿಯಲ್ಲಿ ಪೆನ್ನಿರಲಿಲ್ಲ, ಕುಂಕುಮ ಇಲ್ಲದ ದಿನವಿಲ್ಲ.

"ಬೊಟ್ಟು ದಾಟ್‌ಬ್ಯಾಡ ಕಣಣ್ಣ" ಎಂದು ಶಾಸನ ಹೊರಡಿಸಿದೆ. ಅಣ್ಣ ಪಾಲಿಸಿದ.

ಅಷ್ಟರಲ್ಲಿ ಆಯುಧಪೂಜೆ ಬಂತು. ಅತ್ತಿಗೆ ಲಾರಿಯ ಒಳಹೊರಗನ್ನೆಲ್ಲ ತೊಳೆದರು, ಶಾಸನವೂ ತೊಳೆದುಹೋಯಿತು. ಮೀಟರಿನ ಗಾಜಿಗೆ ಮೂರು ಪಟ್ಟೆ ವಿಭೂತಿ ಎಳೆದು, ಸರಿಯಾಗಿ ನಡುನೆತ್ತಿಗೆ ದುಂಡನೆಯ ಬೊಟ್ಟಿಟ್ಟರು. ಅಂಕಿಗಳು ಮಸುಕಾಗಿ, ಮುಳ್ಳು ಮತ್ತು ಬೊಟ್ಟು ಎರಡೇ ಉಳಿದವು.

ಮರುದಿನ ಖಾಲಿ ಲಾರಿಯಲ್ಲಿ ಕುಣಿಗಲ್ ಕಡೆ ಹೊರಟೆವು. ಹುಣಸೆಮರಗಳು ಹಿಂದಕ್ಕೆ ಹಾರತೊಡಗಿದವು. ಬಾಗಿಲು ತಾಳ ಹಾಕಿತು.

"ಅಣ್ಣಾ, ನಿಧಾನ!"

"ಸುಮ್ಕಿರ್ಲಾ, ಬೊಟ್ಟು ದಾಟಿಲ್ಲ."

ಮೊಬೈಲು ನೋಡಿದರೆ ಎಪ್ಪತ್ತೆರಡು!

"ಅದು ಅತ್ತಿಗೆ ಇಟ್ಟಿರೋ ಬೊಟ್ಟು ಕಣಣ್ಣೋ, ನಂದಲ್ಲ!"

ಬ್ರೇಕು ಕಿರುಚಿತು. ತಿರುವು ದಾಟಿದರೆ ಪೊಲೀಸರ ಜೀಪು. ಅದರ ಮುಂದೆ ನಾವು ದಿಬ್ಬಣದ ಗಾಡಿಯ ಗಾಂಭೀರ್ಯದಿಂದ ಹಾದುಹೋದೆವು.

ಕೊನೆಗೂ ಹಲ್ಲಿನ ಚಕ್ರ ಬಂತು. ಕೂರಿಸಿಕೊಂಡು, ಗಾಜು ಒರೆಸಿ, ಗುಬ್ಬಿ ರಸ್ತೆಗಿಳಿದೆವು. ಮುಳ್ಳೂ ಮೊಬೈಲೂ ಒಟ್ಟಿಗೇ ಮೇಲೇರಿದವು. "ನಲವತ್ತು! ಐವತ್ತು!" ಎಂದು ನಾನು ಹರಾಜು ಕೂಗುವವನಂತೆ ಕೂಗುತ್ತಿದ್ದೆ. ಅಣ್ಣನಿಗೆ ಮಾತ್ರ ನಂಬಿಕೆ ಹುಟ್ಟಲಿಲ್ಲ. ಮುಂದೆ ರಸ್ತೆ ಬದಿಯಲ್ಲಿ ಪೊಲೀಸೊಬ್ಬರು ವೇಗ ಅಳೆಯುವ ಯಂತ್ರ ಹಿಡಿದು ನಿಂತಿದ್ದರು. ಯಾರೂ ಕೈ ಅಡ್ಡ ಹಿಡಿಯಲಿಲ್ಲ. ಅಣ್ಣ ತಾನಾಗಿಯೇ ಲಾರಿ ನಿಲ್ಲಿಸಿ ಇಳಿದ.

"ಸಾರ್, ನಮ್ದು ಎಷ್ಟು ತೋರುಸ್ತು?"

ಅವರು ತಬ್ಬಿಬ್ಬಾದರು. "ಐವತ್ತೆಂಟು. ನಿನ್ನ ಯಾರಯ್ಯ ನಿಲ್ಸು ಅಂದೋರು?"

ನಮ್ಮ ಮುಳ್ಳೂ ಐವತ್ತೆಂಟೇ ಅಂದಿತ್ತು!

ಅಣ್ಣ ಜೇಬಿನಿಂದ ಲೈಸೆನ್ಸ್ ತೆಗೆದು, ಕೇಳದಿದ್ದರೂ ಅವರಿಗೆ ತೋರಿಸಿ, ಜೋಪಾನವಾಗಿ ಒಳಗಿಟ್ಟುಕೊಂಡು ಬಂದ.