ಟಿಕೆಟ್ ತೆಗೆಸಿಕೊಂಡ ಸಿಪಿಯು

ಗೆಳೆಯರೇ, ಮದುವೆ ಪತ್ರಿಕೆ ಮಾಡುವ ನನ್ನ ಪುಟ್ಟ ಸಾಫ್ಟ್‌ವೇರನ್ನು ನೆಂಟರಿಷ್ಟರೆಲ್ಲ ಪುಕ್ಕಟೆ ಹಂಚಿಕೊಳ್ಳುತ್ತಾರೆಂದು ಹೋದ ವಾರ ಅದಕ್ಕೆ ಲೈಸೆನ್ಸ್ ಕೀ ಸೇರಿಸಿದ್ದೆ. ಒಂದು ಕೀ ಒಂದೇ ಕಂಪ್ಯೂಟರಿನಲ್ಲಿ ನಡೆಯುತ್ತದೆ.

ಇವತ್ತು ಬಸವಕಲ್ಯಾಣದಲ್ಲಿ ಹುಮನಾಬಾದ್ ಬಸ್ ಹತ್ತಿದರೆ, ನನ್ನಿಂದ ಒಂದು ಕೀ ಪಡೆದಿದ್ದ ಪ್ರಿಂಟಿಂಗ್ ಪ್ರೆಸ್ಸಿನ ಶರಣಪ್ಪ ಕಾಕಾ ಕೂತಿದ್ದಾರೆ. ಪಕ್ಕದ ಸೀಟಿನಲ್ಲಿ ಟವೆಲ್ ಸುತ್ತಿದ ಸಿಪಿಯು.

"ರಿಪೇರಿಗೇನ್ರಿ ಕಾಕಾ?"

"ಛೇ, ಗಟ್ಟಿ ಅದ. ಹುಮನಾಬಾದ್‌ದಾಗ ನಮ್ಮ ಅಳಿಯಾನೂ ಪತ್ರಿಕಾ ಮಾಡಾಕತ್ತಾನ. ನಿನ್ನ ಕೀ ಅವನ ಕಂಪ್ಯೂಟರ್‌ದಾಗ ನಡೀವಲ್ದು. ಅದಕ್ಕ ಕಂಪ್ಯೂಟರ್‌ನೇ ಒಯ್ಯಾಕತ್ತೀನಿ. ಎರಡು ದಿನ ಅಲ್ಲಿ, ಉಳಿದ ದಿನ ಇಲ್ಲಿ. ನೀ ಹೇಳಿದ್ಹಂಗ ಒಂದೇ ಕಂಪ್ಯೂಟರ್, ಹೌದಿಲ್ಲೋ ತಮ್ಮಾ?"

"ಹೌದ್ರಿ" ಎಂದೆ.

ಬಸ್ ತುಂಬಿತ್ತು. ಕಾಕಾ ಸಿಪಿಯುಗೂ ಟಿಕೆಟ್ ತೆಗೆಸಿದ್ದರು. ಹುಮನಾಬಾದ್ ತನಕ ಅದು ಕೂತು ಬಂತು, ಸಾಫ್ಟ್‌ವೇರಿಗೆ ಬೀಗ ಹಾಕಿದ ನಾನು ನಿಂತು ಬಂದೆ.