ಬಿಸಿಲಿಗೆ ಹೆದರದ ಮಂಜು

ಆಗ ನನಗೆ ಐವತ್ತೆಂಟು. ಹನ್ನೊಂದು ವರ್ಷದ ಹಿಂದಿನ ಮಾತು. ನನ್ನ ಗಂಡನ ವಯಸ್ಸು ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ, ಅರವತ್ತೈದು ದಾಟಿತ್ತು ಅಂತ ಇಟ್ಟುಕೊಳ್ಳಿ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನೊಳಗೆ ಅಕ್ಕಿ ಹುರಿದೇ ಅವರ ಆಯುಷ್ಯ ಕಳೆಯಿತು. ಒಲೆಗೆ ಹೊಟ್ಟು, ಒಂದು ಕಾಲದಲ್ಲಿ ಹಳೇ ಟೈರು. ಆ ಹೊಗೆ ಎದೆಯಲ್ಲಿ ಕೂತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸೀಟಿ ಹೊಡೆಯುತ್ತಿತ್ತು. ಡಾಕ್ಟರು ಭಟ್ಟಿ ಬಿಡಿಸಿದರು. ಬಿಟ್ಟ ಮೇಲೆ ಹೊತ್ತು ಹೋಗದೆ ಒಂದೇ ಹಟ ಹಿಡಿದರು: ಸಾಯುವುದರೊಳಗೆ ಒಮ್ಮೆ ಸಮುದ್ರ ನೋಡಬೇಕು.

ನಮ್ಮ ಅಳಿಯ ಹರಿಹರದಲ್ಲಿ ಟೆಂಪೋ ಇಟ್ಟಿದ್ದಾನೆ. ಮೇ ತಿಂಗಳ ಕೊನೆಗೆ ಒಂದು ಮನೆಯವರನ್ನು ಕೊಲ್ಲೂರಿಗೆ ಕರೆದೊಯ್ಯುವ ಬಾಡಿಗೆ ಸಿಕ್ಕಿತು. ಹಿಂದಿನ ಸೀಟು ಖಾಲಿ ಇತ್ತು, ನಮ್ಮಿಬ್ಬರನ್ನೂ ಕೂರಿಸಿಕೊಂಡ. ಮರುದಿನ ಸಮುದ್ರದ ದಡಕ್ಕೆ ಹೋಗುವುದೆಂದು ಮಾತು. ಆದರೆ ಗುಡಿ ಮುಗಿಸಿದ ಆ ಮನೆಯವರು ಕೊಡಚಾದ್ರಿಗೆ ಜೀಪು ಮಾಡಿದರು. ತುದಿಯಿಂದ ಸಮುದ್ರ ಕಾಣುತ್ತದೆ ಎಂದು ಯಾರೋ ಅಂದದ್ದೇ ತಡ, ಇವರು ಹೋಗಿ ಜೀಪಿನಲ್ಲಿ ಕೂತುಬಿಟ್ಟರು.

"ದಡದಾಗ ನಿಂತ್ರೆ ಕಾಣಲ್ಲೇನ್ರಿ? ಈ ಎದಿ ಇಟ್ಕೊಂಡು ಗುಡ್ಡ ಯಾಕ ಹತ್ತಬೇಕು?" ಅಂದೆ.

"ದಡದಾಗ ನಿಂತ್ರೆ ಅಂಚಷ್ಟೇ ಕಾಣ್ತೈತಿ. ನಂಗೆ ಪೂರಾ ಬೇಕು."

ನಮ್ಮ ಬಾತಿ ಗುಡ್ಡ ಬಿಸಿಲಿಗೆ ಕಾದ ಕಲ್ಲು. ಇದು ಹಾಗಲ್ಲ. ಕೆಳಗೆ ಹಗಲೇ ಕತ್ತಲಾಗಿರುವ ಕಾಡು. ಮೇಲೆ ಹೋದ ಹಾಗೆ ಮರ ಕುಳ್ಳಾಗುತ್ತವೆ, ಕಾಂಡಕ್ಕೆಲ್ಲ ಪಾಚಿ. ಆಮೇಲೆ ಮರವೇ ಇಲ್ಲ, ಬರೀ ಹುಲ್ಲು, ಅದೂ ಗಾಳಿಗೆ ಒಂದೇ ಕಡೆ ಮಲಗಿದ್ದು. ಪಡುವಣಕ್ಕೆ ಗುಡ್ಡ ಕೊಯ್ದು ಹಾಕಿದ ಹಾಗೆ ಕೆಳಗಿಳಿಯುತ್ತದೆ. ಅಲ್ಲಿಂದ ಸಮುದ್ರದವರೆಗೆ ಅಡ್ಡ ಏನೂ ಇಲ್ಲ. ಸಮುದ್ರದಿಂದ ಎದ್ದ ಮೋಡ ಮೊದಲು ಈ ಗೋಡೆಗೇ ಬಂದು ಬಡಿಯುತ್ತದೆ, ಇದ್ದ ನೀರೆಲ್ಲ ಇಲ್ಲೇ ಸುರಿಯುತ್ತದೆ. ಆಷಾಢದಲ್ಲಿ ನಮ್ಮೂರ ಮೇಲೆ ಓಡಿ ಹೋಗುವ ಮೋಡ ಇದರ ಎಂಜಲು ಎಂದು ನನಗೆ ಅವತ್ತು ತಿಳಿಯಿತು.

"ಇಲ್ಲಿ ಬಿದ್ದ ಮಳಿ ನಮ್ಮ ಹರಿಹರದ ಹೊಳಿಗೆ ಬರ್ತೈತೇನಪ್ಪ?" ಎಂದು ಇವರು ಜೀಪಿನವನನ್ನು ಕೇಳಿದರು.

"ಒಂದು ಹನಿಯೂ ಇಲ್ಲ ಅಜ್ಜ. ಈಚೆ ಬಿದ್ದದ್ದು ಕಡಲಿಗೆ, ಆಚೆ ಬಿದ್ದದ್ದು ಶರಾವತಿಗೆ."

"ನೋಡಿದ್ಯಾ, ಗುಡ್ಡಕ್ಕೂ ದಾವಣಗೆರೆಯೋರು ಅಂದ್ರೆ ಆಗಲ್ಲ," ಅಂದರು ನನಗೆ.

ಜೀಪು ಹಳೇ ಗುಡಿಯ ಹತ್ತಿರ ನಿಂತಿತು. ಮುಂದೆ ನಡೆಯಬೇಕು. ಆ ಮನೆಯವರು ಗುಡಿಯಲ್ಲೇ ಉಳಿದರು, ಹೊರಟದ್ದು ನಾವಿಬ್ಬರು ಮತ್ತು ಅಳಿಯ. ಜೀಪಿನವನು ಹೇಳಿ ಕಳಿಸಿದ: "ಮಧ್ಯಾಹ್ನದೊಳಗೆ ಇಳಿದುಬಿಡಿ. ಹೊತ್ತೇರಿದ ಹಾಗೆ ಮಂಜು ಜಾಸ್ತಿ ಆಗ್ತದೆ."

"ಏ ತಮ್ಮಾ, ಮಂಜು ಬಿಸಿಲಿಗೆ ಹೆದರ್ತೈತೋ, ಬಿಸಿಲು ಮಂಜಿಗೆ ಹೆದರ್ತೈತೋ?" ಎಂದು ಇವರು ನಕ್ಕರು. ನಾನೂ ನಕ್ಕೆ. ನಮ್ಮಲ್ಲಿ ಚಳಿಗಾಲದ ಮಂಜು ಬಿಸಿಲೇರಿದರೆ ಇರುವುದಿಲ್ಲ. ಮಂಜು ಅಂದರೆ ನಮಗೆ ಅಷ್ಟೇ ಗೊತ್ತು.

ಕೂತು ಕೂತು ಹತ್ತಿದರು. ತುದಿಯ ಕಲ್ಲಿನ ಮಂಟಪ ಮುಟ್ಟುವ ಹೊತ್ತಿಗೆ ಕೆಳಗಿನಿಂದ ಬಿಳಿ ಏಳುತ್ತಿತ್ತು. ಭಟ್ಟಿಯ ಚಿಮಣಿಯಿಂದ ಹೊಗೆ ಎದ್ದ ಹಾಗೇ, ಕೊರಕಲಿನಿಂದ ಗುಡ್ಡದ ಮೈಗೆ ಅಂಟಿಕೊಂಡು ಮೇಲೆ ಬಂತು. ಸಮುದ್ರ ಇರಬೇಕಾದ ಕಡೆ ಬರೀ ಬಿಳಿ.

"ಸರೀತೈತಿ, ಕೂಡ್ರಿ," ಅಂದರು.

ಮಂಡಕ್ಕಿ ಗಂಟು ಬಿಚ್ಚಿದೆ. ಒಂದು ಹಿಡಿ ಬಾಯಿಗೆ ಹಾಕಿ ಮುಖ ಕಿವುಚಿದರು. ಗರಿಗರಿ ಇದ್ದದ್ದು ಆಗಲೇ ನೆಂದ ಬಟ್ಟೆಯಾಗಿತ್ತು. ಭಟ್ಟಿಯಲ್ಲಿ ಮಂಡಕ್ಕಿ ಮೆತ್ತಗಾದರೆ ಯಾರೂ ಗಾಬರಿಯಾಗುವುದಿಲ್ಲ, ಬಿಸಿಲು ಬರುವ ತನಕ ಕಾಯುತ್ತಾರೆ. ಇಲ್ಲೂ ಹಾಗೇ ಮಾಡಿದೆವು.

ಅಳಿಯ ಎದ್ದು ಎದ್ದು ಕೂತು ಮಾವನನ್ನು ಕರೆದ. "ಅಬ್ಬಾ, ಏಳ್ರಿ. ಜೀಪಿನವ ಬೈತಾನ."

"ಇನ್ನೊಂಚೂರು ತಡಿಯೋ. ಬಿಸಿಲೇರ್ಲಿ."

ಬಿಸಿಲು ಏರಿದಷ್ಟೂ ಮಂಜು ದಪ್ಪಗಾಯಿತು. ಎದುರಿಗಿದ್ದ ಅಳಿಯನೇ ಮಸುಕಾದ. ಆಮೇಲೆ ಗಾಳಿ, ಅದರ ಜೊತೆ ಅಡ್ಡ ಮಳೆ. ನಲವತ್ತು ಡಿಗ್ರಿ ಸೆಕೆಯ ಊರಿನಿಂದ ಬಂದವರು ನಾವು. ಇವರ ಮೈಮೇಲೆ ತೆಳ್ಳನೆ ಅಂಗಿ, ನನ್ನ ಹತ್ತಿರ ಒಂದು ಚಾದರವೂ ಇಲ್ಲ. ತುಟಿ ನೀಲಿಯಾಯಿತು. ಸೀಟಿ ಹೊಡೆಯುತ್ತಿದ್ದ ಉಸಿರು ಸೀಟಿಯನ್ನೂ ಬಿಟ್ಟಿತು. ಎಳೆದುಕೊಳ್ಳುವ ಔಷಧಿ ಬಾಯಿಗಿಟ್ಟರೆ ಎಳೆಯಲು ಕಸುವಿಲ್ಲ.

"ಕಂಡ್ತೇನು?" ಎಂದು ಕೇಳಿದರು, ಕಣ್ಣು ಮುಚ್ಚಿಕೊಂಡೇ.

"ಇಲ್ರಿ," ಅಂದೆ. ಸುಳ್ಳು ಹೇಳಿ ಏನು ಮಾಡಲಿ.

ಅಳಿಯ ಬೆನ್ನ ಮೇಲೆ ಹೊತ್ತು ಇಳಿದ. ಕೆಂಪು ಕಲ್ಲು ಜಾರುತ್ತಿತ್ತು, ಎರಡು ಸಲ ಬಿದ್ದ. ಮೂಳೆ ಕಳಚುವ ಆ ಜೀಪಿನ ದಾರಿ, ಆಮೇಲೆ ಕುಂದಾಪುರದ ಆಸ್ಪತ್ರೆ. ಅಲ್ಲಿಯವರು ಮಾಡುವುದೆಲ್ಲ ಮಾಡಿದರು. ದೀಪ ಹಚ್ಚುವ ಹೊತ್ತಿಗೆ ಮುಗಿಯಿತು.

ಮಾರನೆಯ ಬೆಳಿಗ್ಗೆ ಆಂಬುಲೆನ್ಸ್ ಬಂತು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಮಂಡಕ್ಕಿ ಗಂಟು ಇನ್ನೂ ಒದ್ದೆ ಇತ್ತು. ಬಾಗಿಲಲ್ಲಿದ್ದ ನಾಯಿಗೆ ಸುರಿದೆ. ಅದು ಮೂಸಿ ಹೋಯಿತು.

ಅಳಿಯ ಹತ್ತಿರ ಬಂದು ಮೆಲ್ಲಗೆ ಅಂದ: "ಅಮ್ಮಿ, ಸಮುದ್ರ ಇಲ್ಲೇ ಐತಂತ. ಒಂದ್ ಗಳಿಗಿ ಗಾಡಿ ನಿಲ್ಸೋಣಾ?"

"ಯಾರು ನೋಡಾಕ?" ಅಂದೆ.

ಅವನು ಆಂಬುಲೆನ್ಸಿನ ಡ್ರೈವರ್ ಕಡೆ ತಿರುಗಿದ.

"ಮಧ್ಯಾಹ್ನದೊಳಗೆ ಮಣ್ಣಾಗಬೇಕು. ಘಟ್ಟದ ಕಡೆ ಹೊಡಿ ಅನ್ನು."

ಒಳಗೆ ಹತ್ತಿ ಅವರ ಕಾಲ ಹತ್ತಿರ ಕೂತೆ. ಒಂದು ಕಡೆಯಿಂದ ಉಪ್ಪು ಗಾಳಿ ಬರುತ್ತಿತ್ತು. ಆ ಕಡೆಯ ಕಿಟಕಿ ಎಳೆದು ಮುಚ್ಚಿದೆ.