ನೇತ್ರಾಣಿಯ ತಳದಲ್ಲಿ ಉಳಿದ ಕರಡಿಗೆ

ಜನವರಿಯ ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ಖಾನಾಪುರ ಬಿಟ್ಟೆವು. ಮಲಪ್ರಭೆಯ ಸೇತುವೆಯ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಇವರು ಕಾರಿನ ಗಾಜು ಇಳಿಸಿ, ತಲೆ ಹೊರಗೆ ಹಾಕಿ ಓಡಿಸಿದರು. ಇವರೆಂದರೆ ನನ್ನ ಯಜಮಾನರು. ಬೆಳಗಾವಿಯ ಬ್ಯಾಂಕೊಂದರಲ್ಲಿ ಕೆಲಸ, ಮೊಣಕಾಲ ಮೇಲೆ ನೀರು ಬಂದರೆ ದೇವರನ್ನು ಕರೆಯುವ ಸ್ವಭಾವ. ನಾನು ಖಾನಾಪುರದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಗೋಡೆಯ ಪಟ ತೋರಿಸಿ, ಹವಳ ಕಲ್ಲಲ್ಲ, ಜೀವ ಎಂದು ಇಪ್ಪತ್ತೆರಡು ವರ್ಷದಿಂದ ಹೇಳುತ್ತಾ ಬಂದವಳು. ಹೋದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ನೀವು ಕಣ್ಣಾರೆ ನೋಡೀರೇನ್ರಿ ಟೀಚರ್?" ಎಂದು ಕೇಳಿದಳು. ಇಲ್ಲ ಎಂದೆ. ಇಡೀ ತರಗತಿ ನಕ್ಕಿತು. ನನಗೆ ಸಿಟ್ಟು ಬಂತು. ಈ ಪ್ರವಾಸ ಆ ಸಿಟ್ಟಿನಲ್ಲಿ ಹುಟ್ಟಿದ್ದು.

ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಎಂಬತ್ತು ವರ್ಷ, ಮಾತು ಮಾತ್ರ ಇನ್ನೂ ಹರಿತ.

"ಬೀಡಿ ಊರಾಗ ಬಾವ್ಯಾಗ ಈಸಿ ಬೆಳೆದಾಕಿ ನೀ, ನೀರಿನ ಚಿಂತಿ ನನಗಿಲ್ಲ," ಎಂದರು. "ಕೊಳ್ಳಾಗಿನ ಲಿಂಗ ಜ್ವಾಕಿ. ಅದು ಮೈ ಬಿಟ್ಟು ಹೋತಂದ್ರ ಜೀವಾ ಹೋದಂಗ."

ನಮ್ಮಲ್ಲಿ ದಿನಾ ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರೂ ಹಾಕುವುದಿಲ್ಲ. ನನ್ನ ಲಿಂಗ ಬೆಳ್ಳಿಯ ಕರಡಿಗೆಯಲ್ಲಿತ್ತು. ನೆಲ್ಲಿಕಾಯಿಯಷ್ಟು ದೊಡ್ಡ ಡಬ್ಬಿ ಅದು, ಮದುವೆಯಲ್ಲಿ ಅವ್ವ ಮಾಡಿಸಿಕೊಟ್ಟದ್ದು. ರೇಷ್ಮೆಯ ದಾರದಲ್ಲಿ ಕೊರಳಲ್ಲೇ ಇರುತ್ತದೆ, ಸ್ನಾನ ಮಾಡುವಾಗಲೂ ತೆಗೆಯುವುದಿಲ್ಲ. ಅವ್ವ ತೀರಿಕೊಂಡು ಒಂಬತ್ತು ವರ್ಷವಾಯಿತು.

ಅಳ್ನಾವರ, ಹಳಿಯಾಳ ದಾಟಿ ಯಲ್ಲಾಪುರದಲ್ಲಿ ಬನ್ಸ್ ತಿಂದು ಚಹಾ ಕುಡಿದೆವು. ಘಟ್ಟ ಇಳಿಯುತ್ತಿದ್ದಂತೆ ಸ್ವೆಟರು ಬಿಚ್ಚಬೇಕಾಯಿತು. ಅಂಕೋಲೆಯಲ್ಲಿ ಬೆವರು ಇಳಿಯಿತು. ಸುಮಾರು ಇನ್ನೂರೈವತ್ತು ಕಿಲೋಮೀಟರು ಸಾಗಿ ಮಧ್ಯಾಹ್ನ ಎರಡಕ್ಕೆ ಮುರ್ಡೇಶ್ವರ ತಲುಪಿದೆವು. ಸಮುದ್ರದ ತಳಕ್ಕೆ ಇಳಿಸುವವರ ಚಾರ್ಜು ಒಬ್ಬರಿಗೆ ಐದೂವರೆ ಸಾವಿರ. ದೋಣಿಯಲ್ಲಿ ಸುಮ್ಮನೆ ಕೂತು ಬರುವವರಿಗೆ ಕಡಿಮೆ. ಇವರು ಆ ಎರಡನೆಯ ಪಟ್ಟಿಗೆ ಹೆಸರು ಬರೆಸಿ ನೆಮ್ಮದಿಯಾದರು.

ಭಾನುವಾರ ನಸುಕಿನಲ್ಲಿ ಪೂಜೆ ಮುಗಿಸಿ, ಎರಡು ಇಡ್ಲಿ ತಿಂದು ದೋಣಿ ಹತ್ತಿದೆ. ನೇತ್ರಾಣಿ ದ್ವೀಪಕ್ಕೆ ಒಂದೂವರೆ ತಾಸು. ನನ್ನನ್ನು ನೀರಿಗಿಳಿಸುವವನ ಹೆಸರು ದಾಮೋದರ, ನಲವತ್ತರ ಆಸುಪಾಸಿನ ಗಟ್ಟಿ ಆಳು, ಮೀನುಗಾರರ ಮನೆಯವನು. ಬೆಳಗಾವಿಯಿಂದ ಒಯ್ದಿದ್ದ ಕುಂದಾದ ಡಬ್ಬಿ ಕೊಟ್ಟೆ. ಅದನ್ನು ತೆಗೆದುಕೊಂಡಾಗ ಅವನ ಬಲಗೈಯ ಎರಡು ಬೆರಳು ಮಡಚಲೇ ಇಲ್ಲ.

"ಹಾವುಮೀನು ಕಚ್ಚಿದ್ದು ಅಮ್ಮಾ," ಎಂದ. "ಬಿರುಕಲ್ಲಿ ಕೈ ಹಾಕಿದ್ದು ನನ್ನದೇ ತಪ್ಪು. ಅದರ ಹಲ್ಲು ಒಳಮುಖ. ಕಚ್ಚಿದ್ರೆ ಬಿಡುದಿಲ್ಲ."

ಆಮೇಲೆ ನಿಯಮ ಹೇಳಿದ. ಮೂಗಿನಿಂದ ಉಸಿರಾಡಬಾರದು, ಯಾವುದನ್ನೂ ಮುಟ್ಟಬಾರದು, ಹೆಬ್ಬೆರಳು ಮೇಲೆ ಮಾಡಿದರೆ ಮೇಲೆ ಹೋಗೋಣ ಎಂದು ಅರ್ಥ. "ಕುತ್ತಿಗೆಲಿ, ಕಿವಿಲಿ ಏನೂ ಬೇಡ. ಹೊಳಿಯುದು ಕಂಡ್ರೆ ಕೆಲವು ಮೀನು ಬಾಯಿ ಹಾಕ್ತದೆ."

ತಾಳಿ, ಬೆಂಡೋಲೆ, ಬಳೆ ತೆಗೆದು ಇವರ ಕೈಗೆ ಕೊಟ್ಟೆ. ಇವರು ತಾಳಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಕರಡಿಗೆಯನ್ನು ಮಾತ್ರ ನಾನು ಮುಳುಗಲು ತೊಡಿಸಿದ ರಬ್ಬರಿನ ಅಂಗಿಯೊಳಗೆ ತಳ್ಳಿ, ಕುತ್ತಿಗೆಯ ತನಕ ಜಿಪ್ಪು ಎಳೆಸಿಕೊಂಡೆ. ಯಾರಿಗೂ ಹೇಳಲಿಲ್ಲ. ತಾಳಿ ಒಂದು ತಾಸು ಗಂಡನ ಕೈಯಲ್ಲಿದ್ದರೆ ಏನೂ ಆಗುವುದಿಲ್ಲ, ಲಿಂಗ ಬೇರೆಯವರ ಕೈಗೆ ಹೋಗುವಂಥದ್ದಲ್ಲ. ನಾನು ಕಲಿತ ವಿಜ್ಞಾನ ಆ ಹೊತ್ತಿಗೆ ಬಾಯಿ ಬಿಡಲಿಲ್ಲ.

ಹಗ್ಗ ಹಿಡಿದು ಇಳಿದೆವು. ಎರಡು ಮೀಟರಿಗೇ ಕಿವಿ ಸಿಡಿಯತೊಡಗಿತು. ದಾಮೋದರ ಹಿಂದಿನಿಂದ ನನ್ನ ಸಿಲಿಂಡರು ಹಿಡಿದು ನಿಲ್ಲಿಸಿ, ಮೂಗು ಒತ್ತಿ ಊದಲು ಸನ್ನೆ ಮಾಡಿದ. ನನ್ನ ಉಸಿರಿನ ಸದ್ದೇ ನನಗೆ ದೊಡ್ಡದಾಗಿ ಕೇಳುತ್ತಿತ್ತು. ಎಂಟು ಮೀಟರಿನಲ್ಲಿ ಕೆಳಗೆ ನೋಡಿದೆ.

ಹವಳ ಇತ್ತು. ನನ್ನ ಪಟದ ಕೆಂಪು ಎಲ್ಲೂ ಇರಲಿಲ್ಲ. ಕಂದು, ಹಸಿರು, ಬೂದಿ ಬಣ್ಣ, ಕೆಲವು ಹೂಕೋಸಿನ ಗಡ್ಡೆಯ ಹಾಗೆ. ಗಿಳಿಮೀನೊಂದು ಹವಳ ಕಡಿಯುವ ಕಟಕಟ ಶಬ್ದ ಕಿವಿಗೆ ಸ್ಪಷ್ಟವಾಗಿ ಬಂತು. ನೀರಿನಲ್ಲಿ ಅಗಿಯುವ ಸದ್ದು ಕೇಳುತ್ತದೆಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಹಳದಿ ಚಿಟ್ಟೆಮೀನುಗಳು ಜೋಡಿಯಾಗಿಯೇ ತಿರುಗುತ್ತಿದ್ದವು. ಬಂಡೆಯ ನೆರಳಲ್ಲಿ ಸಿಂಹಮೀನು ವಿಷದ ಮುಳ್ಳು ಬಿಚ್ಚಿಕೊಂಡು ಅಲುಗದೆ ನಿಂತಿತ್ತು, ದಾಮೋದರ ನನ್ನನ್ನು ಅದರಿಂದ ದೂರ ಎಳೆದ. ಭಯದ ನಡುವೆಯೂ ನಗು ಬಂತು, ನಕ್ಕರೆ ಮುಖವಾಡದೊಳಗೆ ನೀರು ನುಗ್ಗಿತು.

ಅಷ್ಟರಲ್ಲಿ ಗಂಟಲು ಬಿಗಿಯತೊಡಗಿತು. ಅಂಗಿಯ ಕಾಲರು ರೇಷ್ಮೆ ದಾರವನ್ನು ಕೊರಳಿಗೆ ಒತ್ತುತ್ತಿತ್ತು. ಒಂದೊಂದು ಉಸಿರಿಗೂ ಇನ್ನಷ್ಟು ಬಿಗಿ. ತಾಳಲಾರದೆ ಬೆರಳು ತೂರಿಸಿ ದಾರವನ್ನು ಹೊರಗೆಳೆದೆ. ಉಸಿರು ಸಡಿಲವಾಯಿತು. ದಾರದ ಗಂಟೂ ಸಡಿಲವಾಯಿತು. ಕರಡಿಗೆ ಕಾಲರಿನಿಂದ ಹೊರಬಂದು ನನ್ನ ಕಣ್ಣೆದುರೇ ಇಳಿಯಿತು. ಚಾಚಿದ ಕೈಗೆ ದಾರದ ತುದಿ ತಾಗಿ ಜಾರಿತು. ಎರಡು ಹವಳದ ಗಡ್ಡೆಗಳ ನಡುವಿನ ಬಿರುಕಿನಲ್ಲಿ, ಒಂದು ಮೊಳ ಆಳದಲ್ಲಿ, ಅದು ನಿಂತಿತು. ಬೆಳ್ಳಿ ಹೊಳೆಯುತ್ತಿತ್ತು.

ಕೈ ಹಾಕಲು ಬಾಗಿದೆ. ಬಿರುಕಿನೊಳಗಿಂದ ಒಂದು ತಲೆ ಬಂತು, ನನ್ನ ಮುಂಗೈ ದಪ್ಪ, ಕಪ್ಪು ಚುಕ್ಕೆ. ಹಾವುಮೀನು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಅದು ಬೆದರಿಕೆಯಲ್ಲ, ಅದರ ಉಸಿರಾಟ ಎಂದು ನಾನೇ ಪಾಠ ಮಾಡಿದ್ದೇನೆ. ಅಲ್ಲಿ ಕಂಡದ್ದು ಹಲ್ಲು ಮಾತ್ರ. ದಾಮೋದರ ನನ್ನನ್ನು ಹಿಂದಕ್ಕೆ ಎಳೆದು ಗಾಳಿಯ ಮೀಟರು ತೋರಿಸಿದ, ಮುಳ್ಳು ಕೆಂಪಿನ ಹತ್ತಿರವಿತ್ತು. ನಾನು ಬಿರುಕನ್ನೇ ತೋರಿಸಿದೆ, ಮತ್ತೆ ಮತ್ತೆ ತೋರಿಸಿದೆ. ಅವನಿಗೆ ಬೆಳ್ಳಿ ಕಂಡಿತು. ನನ್ನ ಮುಖ ನೋಡಿದ. ಒಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡೇ ಇನ್ನೊಂದನ್ನು, ಆ ಬಲಗೈಯನ್ನೇ, ಒಳಗೆ ಚಾಚಿದ. ಹಾವುಮೀನು ಕುತ್ತಿಗೆ ಹಿಂದಕ್ಕೆ ಎಳೆದುಕೊಂಡಿತು.

ನಾನು ಅವನ ಮಣಿಕಟ್ಟು ಹಿಡಿದೆ. ಬಿಡಿಸಿಕೊಳ್ಳಲು ನೋಡಿದ, ಬಿಡಲಿಲ್ಲ. ಹೆಬ್ಬೆರಳು ಮೇಲೆ ಮಾಡಿದೆ.

ದೋಣಿಯಲ್ಲಿ ಇವರು ವಾಂತಿ ಮಾಡಿ ಸೋತು ಕೂತಿದ್ದರು. ಮುಷ್ಟಿ ಬಿಚ್ಚಿ, "ತಾಳಿ ಭದ್ರ ಐತಿ ನೋಡು," ಎಂದರು. ನಾನು ಗೊಳೋ ಎಂದು ಅತ್ತೆ. ವಿಷಯ ಕೇಳಿ ದಾಮೋದರ ತಲೆಯ ಮೇಲೆ ಕೈಯಿಟ್ಟುಕೊಂಡ.

"ಕುತ್ತಿಗೆಲಿ ಏನೂ ಬೇಡ ಅಂದಿದ್ನಲ್ಲ ಅಮ್ಮಾ?"

"ಅದು ತೆಗಿಯೂದಲ್ಲಪ್ಪಾ."

ಅವನು ಹೊಸ ಸಿಲಿಂಡರಿಗೆ ಕೈ ಹಾಕಿದ. "ಐದು ನಿಮಿಷ. ತಂದುಕೊಡ್ತೆ."

ಹೋಗು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ. ಅವ್ವನ ಮುಖ ಕಣ್ಣಿಗೆ ಕಟ್ಟಿತ್ತು. ಅವನ ಬಗ್ಗದ ಬೆರಳು ನೋಡಿದೆ. "ಬ್ಯಾಡ. ಉಳಿದ ಮೂರೂ ಹೋದ್ರ ಹಗ್ಗಾ ಯಾರ ಕಟ್ಟವ್ರು? ತಪ್ಪು ನಂದು, ಕುಂದ್ರು," ಎಂದೆ. ನನ್ನ ಮೇಷ್ಟರಗಿತ್ತಿಯ ದನಿಗೆ ಅವನು ಕೂತ.

ಒಂದು ಗಂಟೆಗೆ ಮುರ್ಡೇಶ್ವರ ಬಿಟ್ಟೆವು. ಅಂಕೋಲೆಯಲ್ಲಿ ಇವರು ಎಳನೀರು ತಂದರು, ಬೇಡವೆಂದೆ. ಯಲ್ಲಾಪುರದಲ್ಲಿ, "ಒಂದ್ ಗುಟುಕರ ಚಾ ಕುಡಿ, ದೇವರು ಏನೂ ಅನ್ನಂಗಿಲ್ಲ," ಎಂದರು. ದೇವರು ಅನ್ನಲಿಕ್ಕಿಲ್ಲ, ಕೊರಳು ಬರಿದಾಗಿರುವಾಗ ನನಗೇ ಗಂಟಲಲ್ಲಿ ಇಳಿಯಲಾರದು. ನನ್ನ ಮುಂದೆ ಕೂತು ಅವರೂ ಕುಡಿಯಲಿಲ್ಲ. ಅಳ್ನಾವರ ದಾಟಿದ ಮೇಲೆ ಅತ್ತೆಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಾ ಬಂದೆ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಅತ್ತೆಯ ಕಣ್ಣು ಮೊದಲು ನನ್ನ ಕೊರಳಿಗೇ ಹೋಯಿತು. ಎಲ್ಲ ಹೇಳಿದೆ. ಅವರು ದೀಪದ ಬತ್ತಿ ಸರಿಮಾಡಿದರು. ಆಮೇಲೆ, "ಆ ಮನಷ್ಯಾನ ಕೈ?" ಎಂದರು.

"ಏನೂ ಆಗಿಲ್ರಿ."

"ಹಂಗಾರ ನಾಳೆ ಬೆಳಗಾವಿ ಮಠಕ್ಕ ಹೋಗೂಣು. ಸ್ವಾಮೇರು ಬ್ಯಾರೆ ಲಿಂಗಾ ಕಟ್ಟತಾರ."

ಅಂದು ಅವರೂ ಉಣ್ಣಲಿಲ್ಲ. "ಸೊಸಿ ಉಪಾಸ ಇದ್ದಾಗ ಅತ್ತಿಗ ಎಂಥಾ ರೊಟ್ಟಿ," ಎಂದು ಮುಖ ಆ ಕಡೆ ಮಾಡಿ ಮಲಗಿದರು.

ಸೋಮವಾರ ರಜೆ ಹಾಕಿ ಬೆಳಗಾವಿಗೆ ಹೋಗಿ ಬಂದೆವು. ಮನೆಯಲ್ಲಿ ಹೊಸ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮುಗಿಸಿ ಎಲ್ಲರೂ ಊಟಕ್ಕೆ ಕೂತೆವು. ನನ್ನ ಮುಂದೆ ರೊಟ್ಟಿ ಇತ್ತು, ಕೈ ಏಳಲಿಲ್ಲ. "ಅವ್ವ ಕೊಟ್ಟದ್ದು ಆ ಕತ್ತಲಾಗ ಒಂಟಿ ಐತ್ರಿ," ಎಂದೆ, ಕಣ್ಣಲ್ಲಿ ನೀರು ಬಂತು.

"ಆ ಸಂದಿನ್ಯಾಗ ಇದ್ದದ್ದು ಏನಂದಿ?" ಎಂದರು ಅತ್ತೆ.

"ಹಾವುಮೀನ್ರಿ. ಹಾವಲ್ಲ, ಮೀನದು."

"ನಿನ್ನ ಸಾಲ್ಯಾಗ ಮೀನು ಅನ್ನು. ಲಿಂಗದ ಬಾಜುಕ ಕಾವಲ ಕುಂತದ್ದಕ್ಕ ನಾ ಹಾವಂತೀನಿ," ಎಂದು ನನ್ನ ರೊಟ್ಟಿಯ ಮೇಲೆ ಬೆಣ್ಣೆ ಹಾಕಿದರು. "ನಿಮ್ಮವ್ವಂದು ಒಂಟಿ ಇಲ್ಲ ಅಲ್ಲೆ. ಉಣ್ಣು."

ಉಂಡೆ.